ಮಡಿಲೂ ಒಂದು ಗರ್ಭವೇ

ಮಗುವಿಗೆ ಜ್ಞಾನಸ್ನಾನ ನೀಡುವ ದಿನ ನಮ್ಮ ದೇವಾಲಯಗಳು ತುಂಬಿರುತ್ತವೆ. ಬೆಂಗಳೂರು, ಮೈಸೂರುಗಳಿಂದ ನೆಂಟರಿಷ್ಟರು ಬರುತ್ತಾರೆ. ಸಾಲ ಮಾಡಿಯಾದರೂ ಊಟ ಹಾಕಿಸುವವರಿದ್ದಾರೆ. ಮಗುವನ್ನು ವಿಶ್ವಾಸದಲ್ಲಿ ಬೆಳೆಸಲು ನೆರವಾಗುವೆವೆಂದು ಜ್ಞಾನತಂದೆ, ಜ್ಞಾನತಾಯಿಯರು ಎಲ್ಲರೆದುರು ಮಾತು ಕೊಡುತ್ತಾರೆ. ಕೆಲವು ತಿಂಗಳು ಕಳೆದ ಮೇಲೆ ಅದೇ ಮನೆಗೆ ಹೋಗಿ ನೋಡಿದರೆ, ತವರಿನ ಬಾಣಂತನ ಮುಗಿಸಿ ಬಂದ ತಾಯಿ ಅಡುಗೆ, ಕೊಟ್ಟಿಗೆ, ಕೂಲಿಗಳ ನಡುವೆ ಒಬ್ಬಳೇ ಬಳಲುತ್ತಿರುತ್ತಾಳೆ. ಉಡುಗೊರೆಗಳು ಪೆಟ್ಟಿಗೆಯಲ್ಲಿ ಉಳಿದಿರುತ್ತವೆ. ಕೊಟ್ಟ ಮಾತು ಮರೆತುಹೋಗಿರುತ್ತದೆ.

13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಈ ವಿಷಯದಲ್ಲಿ ಅರ್ಥಪೂರ್ಣವಾದ ಉಪಮೆಯೊಂದನ್ನು ಬಳಸಿದ್ದಾರೆ. ಮಗು ಮೊದಲು ತಾಯಿಯ ಗರ್ಭದಲ್ಲಿರುತ್ತದೆ. ಹೊರಬಂದ ಮೇಲೂ, ವಿವೇಚನಾಶಕ್ತಿ ಮೂಡುವವರೆಗೆ, ಹೆತ್ತವರ ಪಾಲನೆಯೆಂಬ ಆತ್ಮಿಕ ಗರ್ಭದಲ್ಲಿಯೇ ಇರುತ್ತದೆ ಎಂಬುದು ಅವರ ವಿಚಾರ. ಅನ್ಯಧರ್ಮೀಯರ ಮಕ್ಕಳಿಗೆ ಹೆತ್ತವರ ಇಚ್ಛೆಗೆ ವಿರುದ್ಧವಾಗಿ ಜ್ಞಾನಸ್ನಾನ ಕೊಡಕೂಡದೆಂದು ವಾದಿಸುವಾಗ ಅವರು ಈ ಮಾತನ್ನು ಆಡಿದರು. ಮಡಿಲಿನ ಬಾಂಧವ್ಯವನ್ನು ಸಂಸ್ಕಾರದ ಹೆಸರಿನಲ್ಲಿಯೂ ಮುರಿಯಬಾರದೆಂದರೆ ಅದರ ಪಾವಿತ್ರ್ಯ ಎಷ್ಟೆಂಬುದನ್ನು ಯೋಚಿಸಿ ನೋಡಬೇಕು.

ಗರ್ಭದ ಮಾತು ನಮ್ಮ ಜಿಲ್ಲೆಯವರನ್ನು ಚುಚ್ಚಲೇಬೇಕು. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. 2024ರಲ್ಲಿ ಪಾಂಡವಪುರದಲ್ಲಿಯೂ ಅಂಥದೇ ಪ್ರಕರಣ ಬೆಳಕಿಗೆ ಬಂದಿತು. ಈ ಪಾತಕವನ್ನು ಖಂಡಿಸುವುದು ನಮ್ಮ ಕರ್ತವ್ಯ. ಆದರೆ ಮೊದಲನೆಯ ಗರ್ಭವನ್ನು ಕಾಯಿರೆಂದು ಬೋಧಿಸುವ ನಾವು ಎರಡನೆಯದನ್ನು ಕಾಯದಿದ್ದರೆ ನಮ್ಮ ಬೋಧನೆ ಅರ್ಧಕ್ಕೇ ನಿಂತಂತೆ.

ಶಿಶುಗಳ ಕಾಳಜಿ ಈ ನೆಲಕ್ಕೆ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಇಲ್ಲಿಗೆ ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ, ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆಯನ್ನು ಬಳಕೆಗೆ ತರಲು ಶ್ರಮಿಸಿದರು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಮೊದಲು ನೆಲೆಯಾದದ್ದು ನೆರೆಯ ತಿರುಮಕೂಡಲು ನರಸೀಪುರ. ಅಂದಿನಿಂದ ಅಂಗನವಾಡಿಗಳು ಊರೂರಿಗೆ ಬಂದವು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಕಂದಮ್ಮಗಳಿಗಾಗಿ 2023–24ರಲ್ಲಿ ರಾಜ್ಯ ಸರ್ಕಾರವು ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಲಾರಂಭಿಸಿತು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಮೊದಲಾದ ಸಂಸ್ಥೆಗಳು 2018ರಲ್ಲಿ ಮಗುವಿನ ಬೆಳವಣಿಗೆಗೆ ಬೇಕಾದ ಐದು ಅಂಶಗಳನ್ನು ಗುರುತಿಸಿದವು: ಆರೋಗ್ಯ, ಪೌಷ್ಟಿಕ ಆಹಾರ, ಸುರಕ್ಷತೆ, ಕಲಿಕೆಯ ಅವಕಾಶ ಮತ್ತು ಮಗುವಿನ ಇಂಗಿತವರಿತು ಸ್ಪಂದಿಸುವ ಪಾಲನೆ. ಮೊದಲಿನ ನಾಲ್ಕಕ್ಕೆ ಸರ್ಕಾರ ಬಹುಮಟ್ಟಿಗೆ ನೆರವಾಗಬಲ್ಲದು. ಕೊನೆಯದನ್ನು ಯಾವ ಇಲಾಖೆಯೂ ಮನೆಗೆ ತಂದುಕೊಡಲಾರದು. ಮಗು ಊಂಗುಟ್ಟಿದಾಗ ಮರುದನಿಗೊಡುವುದು, ಅತ್ತಾಗ ಎತ್ತಿಕೊಳ್ಳುವುದು, ಅದು ಬೆರಳು ತೋರಿದ ಕಡೆ ತಾನೂ ತಿರುಗಿ ನೋಡುವುದು—ಇವು ಅಲ್ಪವೆಂದು ಕಂಡರೂ ಅಲ್ಪವಲ್ಲ. ಕರೆದರೆ ಯಾರೋ ಓಗೊಡುತ್ತಾರೆಂಬ ನಂಬಿಕೆ ಮಗುವಿನಲ್ಲಿ ಹುಟ್ಟುವುದು ಹೀಗೆಯೇ. ದೇವರನ್ನು ತಂದೆಯೆಂದು ಕರೆಯಲು ಕಲಿಯುವುದಕ್ಕೂ ಮೊದಲು ಮಗು ಕಲಿಯುವ ವಿಶ್ವಾಸದ ಪಾಠವಿದು.

ಆದರೆ ದಣಿದ ಮಡಿಲು ಮಗುವನ್ನು ಹೇಗೆ ಸಂತೈಸೀತು? ಬೆಳಗಿನ ಬಸ್ಸಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟ ತಾಯಿ ಮರಳುವಷ್ಟರಲ್ಲಿ ಮಗು ಮಲಗಿರುತ್ತದೆ. ಕೃಷ್ಣರಾಜಪೇಟೆ, ನಾಗಮಂಗಲಗಳಿಂದ ಮುಂಬೈಗೆ ಹೋದ ಕುಟುಂಬಗಳೆಷ್ಟೆಂಬುದು 2020ರ ಮೇ ತಿಂಗಳಲ್ಲಿ ಅವರು ಮರಳಿದಾಗ ಎಲ್ಲರ ಕಣ್ಣಿಗೂ ಬಿದ್ದಿತು. ದುಡಿಯುವವರು ಊರು ಬಿಟ್ಟಲ್ಲಿ ಕೂಸಿನ ಭಾರ ಮಂಡಿನೋವಿನ ಅಜ್ಜಿಯ ಮೇಲೆ, ಇಲ್ಲವೇ ಶಾಲೆಗೆ ಹೋಗಬೇಕಾದ ಅಕ್ಕನ ಸೊಂಟದ ಮೇಲೆ ಬೀಳುತ್ತದೆ. ಅಳುವ ಮಗುವಿನ ಕೈಗೆ ಮೊಬೈಲ್ ಕೊಡುವುದು ಆಗ ಸುಲಭೋಪಾಯವಾಗಿ ಕಾಣುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯ ವೀಕ್ಷಣೆ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಹೇಳಿದೆ. ಆ ಮಾತನ್ನು ಹೇಳಿ ತಾಯಿಯನ್ನು ದೂಷಿಸುವವರು, ಮಗುವನ್ನು ಅರ್ಧ ಗಂಟೆ ಎತ್ತಿಕೊಳ್ಳಲು ತಾವು ಮುಂದಾಗುವರೇ?

ಈ ಪ್ರಶ್ನೆ ಮೊದಲು ತಂದೆಯರಿಗೆ. ಸಂತ ಜೋಸೆಫರು ಬಾಲಯೇಸುವನ್ನು ಕಾಪಾಡಲು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟವರು. ಅವರ ಹಬ್ಬವನ್ನು ಆಚರಿಸುವ ನಾವು ಸಂಜೆ ಹೆಂಡದಂಗಡಿಯ ದಾರಿ ಬಿಟ್ಟು ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳಲಾರೆವೇ? ಜ್ಞಾನತಾಯಿಯಾದವಳು ವಾರಕ್ಕೊಮ್ಮೆಯಾದರೂ ಬಾಣಂತಿಯ ಮನೆಗೆ ಹೋಗಿ, ಮಗುವನ್ನು ನೋಡಿಕೊಂಡು, ತಾಯಿ ಎರಡು ಗಳಿಗೆ ನಿದ್ರಿಸುವಂತೆ ಮಾಡಿದರೆ ಅಂದು ಕೊಟ್ಟ ಮಾತು ಸಾರ್ಥಕವಾದೀತು. ಮೊಮ್ಮಕ್ಕಳನ್ನು ಸಾಕುವ ಅಜ್ಜಿಯ ಔಷಧಕ್ಕೆ, ವಿಶ್ರಾಂತಿಗೆ ಯಾರು ಹೊಣೆಯೆಂಬುದನ್ನು ಮಕ್ಕಳು ಊರು ಬಿಡುವ ಮುನ್ನವೇ ತೀರ್ಮಾನಿಸಲಿ.

ಗುರುಗಳಾದ ನಮ್ಮ ತಪ್ಪನ್ನೂ ಮರೆಮಾಚಲಾರೆವು. ಬಲಿಪೂಜೆಯ ವೇಳೆ ಮಗು ಅತ್ತಾಗ ಪ್ರವಚನ ನಿಲ್ಲಿಸಿ ತಾಯಿಯತ್ತ ದಿಟ್ಟಿಸಿದ್ದುಂಟು; ಆಕೆ ತಲೆತಗ್ಗಿಸಿ ಹೊರಗೆ ಹೋದದ್ದೂ ಉಂಟು. ಮಕ್ಕಳನ್ನು ಗದರಿ ದೂರವಿಟ್ಟ ಶಿಷ್ಯರ ಮೇಲೆ ಪ್ರಭುವು ಸಿಟ್ಟಾದರೆಂಬ ಶುಭಸಂದೇಶವನ್ನು ಓದುವವರೂ ನಾವೇ. ಮುಂದಿನ ಭಾನುವಾರ ಮಗು ಅತ್ತರೆ ಪಕ್ಕದಲ್ಲಿ ಕುಳಿತವರು ಕೈಚಾಚಿ ಎತ್ತಿಕೊಳ್ಳಲಿ, ತಾಯಿ ನೆಮ್ಮದಿಯಿಂದ ಪೂಜೆಯಲ್ಲಿ ಪಾಲ್ಗೊಳ್ಳಲಿ. ಪ್ರವಚನ ಒಂದು ಗಳಿಗೆ ತಡವಾದರೆ ನಷ್ಟವೇನೂ ಇಲ್ಲ.