ತೋಟ ಮಾರುವ ಮುನ್ನ ಎರಡು ಮಾತು

ನನ್ನ ಅಣ್ಣ ಸಾಗರದ ಅಡಿಕೆ ಮಂಡಿಯೊಂದರಲ್ಲಿ ಮೂವತ್ತೆಂಟು ವರ್ಷ ಲೆಕ್ಕ ಬರೆದವನು. ಅವನ ಕಾಯಿಲೆ ನಮಗೆ ಮೊದಲು ಕಂಡದ್ದು ಕೈನಡುಕದಲ್ಲಲ್ಲ, ಖಾತೆ ಪುಸ್ತಕದಲ್ಲಿ. ಸಾಲಿನ ಆರಂಭದಲ್ಲಿ ದುಂಡಗಿದ್ದ ಅಕ್ಷರ ಕೊನೆ ಮುಟ್ಟುವಷ್ಟರಲ್ಲಿ ಇರುವೆ ಸಾಲಾಗುತ್ತಿತ್ತು. ‘ಕನ್ನಡಕ ಬದಲಿಸು’ ಎಂದಿದ್ದೆ. ವರ್ಷ ಕಳೆದ ಮೇಲೆ ನರರೋಗ ತಜ್ಞರು ಪಾರ್ಕಿನ್ಸನ್ ಎಂದರು. ಅದಾಗಿ ಒಂಬತ್ತು ವರ್ಷ. ಲೆವೊಡೋಪ ಮಾತ್ರೆ ಹಿಡಿದಾಗ ತೋಟಕ್ಕೆ ಹೋಗಿಬರುತ್ತಾನೆ. ಅದರ ಬಲ ಇಳಿದರೆ ಬಚ್ಚಲ ಹೊಸ್ತಿಲು ದಾಟಲೂ ಅತ್ತಿಗೆಯ ಕೈ ಬೇಕು.

ಕಳೆದ ಮಳೆಗಾಲದಲ್ಲಿ ಫೋನ್ ಮಾಡಿದ. ‘ಅರ್ಧ ಎಕರೆ ಕೊಡ್ತಾ ಇದೀನಿ ಮಾರಾಯ. ಒಂದು ಆಸ್ಪತ್ರೇಲಿ ಸ್ಟೆಮ್ ಸೆಲ್ ಹಾಕ್ತಾರಂತೆ. ಮೂರು ಸಲಕ್ಕೆ ಆರು ಲಕ್ಷ. ಜಪಾನಲ್ಲಿ ಗುಣ ಆಗಿದೆ ಅಂತ ಪೇಪರಲ್ಲೇ ಬಂದಿತ್ತಲ್ಲ!’

ಪೇಪರಲ್ಲಿ ಬಂದದ್ದು ಸುಳ್ಳಲ್ಲ. ಇದನ್ನು ಎಲ್ಲರಿಗಿಂತ ಮೊದಲು ಒಪ್ಪಬೇಕಾದವನು ನಾನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನು. ‘ಚರ್ಮದ ಕೋಶ ಕೊನೆತನಕ ಚರ್ಮವೇ, ಸುಟ್ಟ ಮಡಕೆ ಮತ್ತೆ ಜೇಡಿಮಣ್ಣಾಗದು’ ಎಂಬುದು ನನ್ನ ಮೆಚ್ಚಿನ ಉಪಮೆ. ನಾನು ಅದನ್ನು ಬಳಸುವ ಮೊದಲೇ ಆ ಮಡಕೆ ಒಡೆದಿತ್ತು. 1962ರಲ್ಲಿ ಜಾನ್ ಗರ್ಡನ್, ಕಪ್ಪೆಯ ಕರುಳಿನ ಕೋಶಕೇಂದ್ರವನ್ನು ತನ್ನ ಕೇಂದ್ರ ಕಳೆದುಕೊಂಡ ಮೊಟ್ಟೆಗೆ ಸೇರಿಸಿ ಗೊದಮೊಟ್ಟೆ ಹುಟ್ಟಿಸಿದ್ದರು. 2006ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಶಿನ್ಯಾ ಯಮನಾಕ ಮತ್ತು ಕಝುತೋಶಿ ತಕಹಾಶಿ, ಇಲಿಯ ಚರ್ಮದ ಕೋಶಕ್ಕೆ ನಾಲ್ಕೇ ನಾಲ್ಕು ಜೀನ್ ಸೇರಿಸಿ ಅದನ್ನು ಭ್ರೂಣದ ಕೋಶದಂಥ ಸ್ಥಿತಿಗೆ ಮರಳಿಸಿದರು. ಮರುವರ್ಷವೇ ಮನುಷ್ಯರ ಕೋಶದಲ್ಲೂ ಅದು ಸಾಧ್ಯವಾಯಿತು. ಹಾಗೆ ಮರಳಿದ ಕೋಶವೂ ಒಂದು ಬಗೆಯ ಸ್ಟೆಮ್ ಸೆಲ್; ಅದನ್ನು ಬೇಕಾದ ದಾರಿ ಹಿಡಿಸಿ ನರಕೋಶವಾಗಿಸಬಹುದು. 2012ರ ನೊಬೆಲ್ ಗರ್ಡನ್ ಮತ್ತು ಯಮನಾಕರಿಗೆ ಸಂದಿತು.

ಪಾರ್ಕಿನ್ಸನ್‌ನಲ್ಲಿ ಸಾಯುವುದು ಡೋಪಮೈನ್ ಉಣಿಸುವ ನರಕೋಶಗಳು. ಆರೋಗ್ಯವಂತ ದಾನಿಯ ರಕ್ತಕೋಶಗಳನ್ನು ಹೀಗೆ ಮರಳಿಸಿ, ಅವುಗಳಿಂದ ಆ ನರಕೋಶಗಳ ಎಳೆಯ ರೂಪ ಬೆಳೆಸಿ, ಕ್ಯೋಟೊದ ಜುನ್ ತಕಹಾಶಿ ತಂಡ 2018ರಲ್ಲಿ ಮೊದಲ ರೋಗಿಯ ಮಿದುಳಿಗೆ ಇಳಿಸಿತು. ಫಲಿತಾಂಶ ಹೊರಬಂದದ್ದು 2025ರ ಏಪ್ರಿಲ್‌ನಲ್ಲಿ. ಒಟ್ಟು ಏಳು ರೋಗಿಗಳು. ಎರಡು ವರ್ಷ ಕಾದು ನೋಡಿದರು. ಗಂಭೀರ ಅಡ್ಡಪರಿಣಾಮವಿರಲಿಲ್ಲ, ಗಡ್ಡೆಯೂ ಬೆಳೆಯಲಿಲ್ಲ. ಗುಣ ಅಳೆದದ್ದು ಆರು ಮಂದಿಯಲ್ಲಿ. ಮಾತ್ರೆಯ ಬಲವಿಲ್ಲದ ಹೊತ್ತಿನಲ್ಲಿ ನಾಲ್ವರ ಚಲನೆ ಸುಧಾರಿಸಿತ್ತು. ದೇಹ ಹೊರಗಿನ ಕೋಶವನ್ನು ತಿರಸ್ಕರಿಸದಿರಲೆಂದು ತಿಂಗಳುಗಟ್ಟಲೆ ಔಷಧಿಯನ್ನೂ ಕೊಡಬೇಕಾಯಿತು. ಹೋಲಿಸಿ ನೋಡಲು ಕೋಶ ಪಡೆಯದ ಇನ್ನೊಂದು ಗುಂಪು ಇರಲಿಲ್ಲ. ಜಪಾನಿನ ಆ ಪ್ರಯೋಗದಲ್ಲಿ ಆದದ್ದು ಇಷ್ಟು. ಇದು ಸಣ್ಣದಲ್ಲ, ಆದರೆ ‘ಗುಣವಾಯಿತು’ ಎನ್ನುವಷ್ಟೂ ಅಲ್ಲ.

ಅಣ್ಣ ಕೊಟ್ಟ ನಂಬರಿಗೆ ನಾನೇ ಫೋನ್ ಮಾಡಿದೆ. ಹೊಟ್ಟೆಯ ಕೊಬ್ಬಿನಿಂದ ಕೋಶ ತೆಗೆದು ಬೆನ್ನುಹುರಿಯ ದ್ರವಕ್ಕೆ ಚುಚ್ಚುತ್ತಾರಂತೆ. ‘ಅದು ಅಲ್ಲಿ ಡೋಪಮೈನ್ ನರಕೋಶ ಆಗುತ್ತಾ?’ ಎಂದೆ. ‘ಸ್ಟೆಮ್ ಸೆಲ್ ಅಲ್ವಾ ಸರ್, ಎಲ್ಲಿ ಬೇಕೋ ಅಲ್ಲಿಗೆ ಹೋಗಿ ರಿಪೇರಿ ಮಾಡುತ್ತೆ’ ಎಂದಿತು ಆ ಕಡೆಯ ದನಿ. ಇದನ್ನು ಎಸ್ಸೆಸ್ಸೆಲ್ಸಿ ಹುಡುಗ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ. ಕ್ಯೋಟೊದಲ್ಲಿ ವರ್ಷಗಟ್ಟಲೆ ದುಡಿದದ್ದೇ ಕೋಶ ಯಾವುದಾಗಬೇಕು, ಎಲ್ಲಿ ಕೂರಬೇಕು ಎಂಬ ಎರಡು ಪ್ರಶ್ನೆಗಳ ಮೇಲೆ. ಇಲ್ಲಿ ಆ ಎರಡನ್ನೂ ಕೋಶದ ವಿವೇಕಕ್ಕೇ ಬಿಟ್ಟಿದ್ದಾರೆ. ಎರಡು ಕಡೆಯೂ ಒಂದೇ ಆಗಿರುವುದು ಸ್ಟೆಮ್ ಸೆಲ್ ಎಂಬ ಹೆಸರು ಮಾತ್ರ. ಆ ಹೆಸರಿಗೆ ಕ್ಯೋಟೊದಲ್ಲಿ ಬಂದ ಮಾನವನ್ನು ಇಲ್ಲಿ ಆರು ಲಕ್ಷಕ್ಕೆ ಮಾರುತ್ತಿದ್ದಾರೆ.

ನಿಯಮ ಇಲ್ಲವೆಂದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥವನ್ನು ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆ ಚಿಕಿತ್ಸೆಯೇ ಅಲ್ಲ, ಪ್ರಯೋಗ. ಪ್ರಯೋಗವೆಂದ ಮೇಲೆ ಅನುಮತಿ ಬೇಕು, ನೋಂದಣಿ ಬೇಕು, ರೋಗಿಯಿಂದ ದುಡ್ಡು ಕೇಳಕೂಡದು. ನಿಮ್ಮ ಮನೆಗೂ ಇಂಥ ಫೋನ್ ಬಂದರೆ ಎರಡೇ ಮಾತು ಕೇಳಿ: ಈ ಪ್ರಯೋಗದ ನೋಂದಣಿ ಸಂಖ್ಯೆ ಎಷ್ಟು? ಪ್ರಯೋಗವಾದರೆ ದುಡ್ಡು ಯಾಕೆ? ನಮ್ಮ ಆರೋಗ್ಯ ಇಲಾಖೆ ರೋಗಿಯ ದೂರಿಗಾಗಿ ಕಾಯುತ್ತ ಕೂರದೆ, ತಾನೇ ಹೋಗಿ ಈ ಎರಡು ಪ್ರಶ್ನೆ ಕೇಳಬೇಕು. ಮರಳಿಸಿದ ಕೋಶದ ಕೆಲಸ ನಮ್ಮಲ್ಲೂ ನಡೆದಿದೆ: ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಾದ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸೇರಿ, ಮಾನಸಿಕ ಕಾಯಿಲೆಯಿರುವ ಕುಟುಂಬಗಳವರ ರಕ್ತಕೋಶದಿಂದ ನರಕೋಶ ಬೆಳೆಸಿ ಕಾಯಿಲೆಯ ಮೂಲ ಹುಡುಕುತ್ತಿವೆ. ಸರ್ಕಾರದ ದುಡ್ಡು ಹರಿಯಬೇಕಾದದ್ದು ಆ ಕಡೆಗೆ.

ಇಷ್ಟೆಲ್ಲ ಹೇಳಿ ಮುಗಿಸಿದಾಗ ಅಣ್ಣ ಕೇಳಿದ್ದು ಒಂದೇ: ‘ಅವರೆಲ್ಲ ಮುಗಿಸೋ ಹೊತ್ತಿಗೆ ನಾನು ಇರ್ತೀನಾ?’ ಇರುತ್ತೀಯ ಎನ್ನಲು ನಾಲಿಗೆ ಏಳಲಿಲ್ಲ. ತೋಟದ ಮಾತು ಅಲ್ಲಿಗೆ ನಿಂತಿತು. ಆದರೆ ಅವನ ಪ್ರಶ್ನೆ ನಿಂತಿಲ್ಲ. ಅದಿರುವ ತನಕ ಇನ್ನೊಂದು ನಂಬರಿನಿಂದ ಇನ್ನೊಬ್ಬರು ಕರೆ ಮಾಡುತ್ತಲೇ ಇರುತ್ತಾರೆ.

ಮರುವಾರ ಅವನಿಗೊಂದು ಕಾಪಿ ಪುಸ್ತಕ ಒಯ್ದೆ. ಗೆರೆ ಎದುರಿಗಿದ್ದರೆ ಅಕ್ಷರ ಅಷ್ಟಾಗಿ ಕುಗ್ಗದು ಎಂದು ಫಿಸಿಯೋಥೆರಪಿಯವರು ಹೇಳಿದ್ದರು. ಈಗ ದಿನಾ ಬೆಳಿಗ್ಗೆ ಮಾತ್ರೆ ಹಿಡಿದ ಮೇಲೆ ಪೇಪರ್ ನೋಡಿ ಅಡಿಕೆ ಧಾರಣೆ ಬರೆಯುತ್ತಾನೆ: ರಾಶಿ, ಚಾಲಿ, ಬಿಳೆಗೋಟು, ಸಿಪ್ಪೆಗೋಟು. ಸಿಪ್ಪೆಗೋಟಿಗೆ ಬರುವಷ್ಟರಲ್ಲಿ ಅಕ್ಷರ ಈಗಲೂ ಸಣ್ಣದಾಗುತ್ತದೆ, ಆದರೆ ಓದಲು ಬರುತ್ತದೆ.