ದೊಡ್ಡಜಾಲದ ಹಳೆಯ ನಿಲ್ದಾಣ
ಮೈಸೂರು ಸೀಮೆಯಲ್ಲಿ 1915ರ ಸುಮಾರಿಗೆ ಯಲಹಂಕದಿಂದ ದೇವನಹಳ್ಳಿಯ ಮೇಲಾಗಿ ಚಿಕ್ಕಬಳ್ಳಾಪುರದತ್ತ ಎರಡೂವರೆ ಅಡಿ ಅಗಲದ ಹಳಿಗಳ ಮೇಲೆ ಸಾಗುತ್ತಿದ್ದ ಪುಟ್ಟ ಗಾಡಿಗಾಗಿ ಕಟ್ಟಿದ ದೊಡ್ಡಜಾಲದ ನಿಲ್ದಾಣವು ಬಹುಕಾಲ ಪಾಳುಬಿದ್ದುದು ನನಗೆ ವ್ಯಥೆಯ ಸಂಗತಿ. ಕಲ್ಲಿನ ಗೋಡೆ, ಹೆಂಚಿನ ಮಾಡು, ಟಿಕೆಟ್ಟು ಕೊಡುವ ಕಿರಿದಾದ ಕಿಂಡಿ: ಅದರ ವೈಭವವೆಲ್ಲ ಇಷ್ಟೇ, ಆದರೂ ಹಳ್ಳಿಗನಿಗೆ ಬೆಂಗಳೂರು ತೆರೆಯುತ್ತಿದ್ದುದು ಆ ಕಿಂಡಿಯಿಂದಲೇ. ಬಳ್ಳಾರಿ ರಸ್ತೆಯಲ್ಲಿ ಬಸ್ಸುಗಳು ಹೆಚ್ಚಿದವು. ಹಳಿಗಳೂ ಮುಂದೆ ಅಗಲವಾದವು. ಕಟ್ಟಡ ಮಾತ್ರ ಅನಾಥವಾಯಿತು. 2021ರಲ್ಲಿ ಇದೇ ಮಾರ್ಗದಲ್ಲಿ ವಿಮಾನಯಾತ್ರಿಕರಿಗೆಂದು ಹೊಸ ತಂಗುದಾಣವೊಂದು ತೆರೆಯಿತು. ಹೊಸದರ ಜೊತೆಗೆ ಹಳೆಯದನ್ನೂ ಮರೆಯದೆ, ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯವರು ಈ ಮಾರ್ಗದ ಹಳೆಯ ನಿಲ್ದಾಣಗಳ ಜೀರ್ಣೋದ್ಧಾರಕ್ಕೆ ಕೈಹಾಕಿದುದು ಶ್ಲಾಘ್ಯ. ಆ ಕಿಂಡಿಯ ಹಿಂದೆ ಊರಿನ ಮಕ್ಕಳಿಗೊಂದು ವಾಚನಾಲಯವನ್ನೂ ಇರಿಸಬೇಕೆಂದು ನನ್ನ ಆಗ್ರಹ.