ಮನಸ್ಸಿಗೂ ಪ್ರಥಮ ಚಿಕಿತ್ಸೆ

ಅಡಿಕೆ ಕೊಯ್ಲು ಬಂತೆಂದರೆ ಹೊಳಲ್ಕೆರೆ ಸೀಮೆಯಲ್ಲಿ ನಮ್ಮಂಥ ಮನೆಯವರು ಚೇಣಿದಾರರ ಕಣದಲ್ಲಿ ಕತ್ತಿಯ ಮುಂದೆ ಸುಲಿಯಲು ಕೂರುವುದು ವಾಡಿಕೆ. ನನ್ನ ಪುಸ್ತಕ, ಬಟ್ಟೆಗಳ ಖರ್ಚು ಮೂರು ವರ್ಷವೂ ಅಲ್ಲಿಂದಲೇ ಹುಟ್ಟಿತು. ಸುಲಿದಷ್ಟಕ್ಕೇ ಕೂಲಿ, ಕೈ ನಿಂತರೆ ಕೂಲಿಯೂ ನಿಂತಿತು.

ಎರಡು ವರ್ಷದ ಹಿಂದೆ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಅಕ್ಕ ಒಬ್ಬರ ಬೆರಳು ಕತ್ತಿಗೆ ಸಿಕ್ಕಿತು. ಒಬ್ಬರು ಅರಿಸಿನ ತಂದರು, ಇನ್ನೊಬ್ಬರು ಬಟ್ಟೆ ಹರಿದು ಕಟ್ಟಿದರು, ಮೇಸ್ತ್ರಿ ತಾವೇ ಆಟೋ ಕರೆಸಿ ಆಸ್ಪತ್ರೆಗೆ ಕರೆದೊಯ್ದರು. ಮರುವರ್ಷದ ಕೊಯ್ಲಿನಲ್ಲಿ ಅದೇ ಅಕ್ಕ ಮಾತು ಬಿಟ್ಟರು. ಬುತ್ತಿ ಬಿಚ್ಚುತ್ತಿರಲಿಲ್ಲ. ನಿದ್ದೆ ಬರುವುದಿಲ್ಲವೆಂದು ಒಮ್ಮೆ ಅಂದರು, ಅಷ್ಟೇ. ಎಂಟು ದಿನ ರಾಶಿಯ ಮುಂದೆ ಸುಮ್ಮನೆ ಕುಳಿತರು. ಆಗ ಯಾರೂ ಓಡಿಬರಲಿಲ್ಲ. "ಮೈಗಳ್ಳಿ" ಎಂದರು ಕೆಲವರು. "ಗಾಳಿ ಸೋಕಿದೆ" ಎಂದರು ಉಳಿದವರು. ಪದವಿ ಓದುತ್ತಿದ್ದ ನಾನಾದರೂ ಮಾಡಿದ್ದೇನು? "ಯಾಕಕ್ಕಾ, ಉಣ್ಣಲ್ವಾ?" ಎಂದು ಕೇಳಿ, ಉತ್ತರ ಬಾರದಿರಲು ನನ್ನ ಕೆಲಸಕ್ಕೆ ತಿರುಗಿದೆ. ಒಂಬತ್ತನೆಯ ದಿನ ಅವರ ಜಾಗದಲ್ಲಿ ಬೇರೊಬ್ಬರು ಕುಳಿತಿದ್ದರು. ಹೊಸದುರ್ಗದ ಕಡೆಯ ತವರಿಗೆ ಹೋದರೆಂದು ಕೇಳಿದೆ.

ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯ್ದೆಯು 150 ಕಾರ್ಮಿಕರಿಗೆ ಒಂದಾದರೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದೂ, ಅದರ ಹೊಣೆ ತರಬೇತಿ ಪಡೆದವರ ಕೈಯಲ್ಲಿರಬೇಕೆಂದೂ ವಿಧಿಸಿತು. ಆ ಪೆಟ್ಟಿಗೆಯಲ್ಲಿ ಹತ್ತಿ, ಔಷಧಿ, ಕಟ್ಟುಬಟ್ಟೆ ಇದ್ದವು. ಮನಸ್ಸಿಗೆ ಏನೂ ಇರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ಪ್ರತಿಯೊಬ್ಬರ ಹಕ್ಕೆಂದಿತು. ಆದರೆ ಹಕ್ಕು ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದೆ, ಮನುಷ್ಯ ಅಡಿಕೆ ರಾಶಿಯ ಮುಂದೆ ಕುಳಿತಿದ್ದಾನೆ. ನಡುವಿನ ದಾರಿಯನ್ನು ತೋರಿಸುವವರು ಯಾರು?

2000ದಲ್ಲಿ ಆಸ್ಟ್ರೇಲಿಯದ ಬೆಟ್ಟಿ ಕಿಚನರ್ ಮತ್ತು ಆಂಟನಿ ಜಾರ್ಮ್ ಎಂಬ ದಂಪತಿಗಳು ಇದಕ್ಕೆಂದೇ ಒಂದು ತರಬೇತಿಯನ್ನು ಆರಂಭಿಸಿದರು. ಹತ್ತಿರ ಹೋಗಿ ಮಾತನಾಡಿಸುವುದು, ಅಪಾಯವಿದೆಯೇ ಎಂದು ನೋಡುವುದು, ತಪ್ಪೆಣಿಸದೆ ಕೇಳುವುದು, ಧೈರ್ಯ ಹೇಳಿ ವೈದ್ಯರ ಬಳಿಗೂ ತನ್ನವರ ಬಳಿಗೂ ದಾರಿ ಮಾಡಿಕೊಡುವುದು, ಇಷ್ಟೇ ಅದರ ಸಾರ. ಸಾಯಬೇಕೆನಿಸುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುವುದಿಲ್ಲವೆಂದೂ ಅಲ್ಲಿ ಕಲಿಸುತ್ತಾರೆ. ನಾನು ಅಂಜಿದ್ದು ಇದಕ್ಕೇ.

ಇದೆಲ್ಲ ಓದಿದವರ ಕೆಲಸ, ಹಳ್ಳಿಗರಿಗೆ ಹಿಡಿಸದು ಎನ್ನುವವರುಂಟು. ಅವರು ನೆರೆಯ ಬಳ್ಳಾರಿಯನ್ನು ನೋಡಲಿ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸಲು ಕಲಿಸಿತು. 1996ರಲ್ಲಿ ಮೊದಲಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಜಿಲ್ಲೆಯೇ ಮಾದರಿಯಾಯಿತು.

ಆದರೆ ಕಲಿಸಬೇಕಾದ್ದು ಯಾರಿಗೆ? ಕಚೇರಿಯಲ್ಲಿ ಕೂರುವವರಿಗೆ ಮಾತ್ರವಾದರೆ ನಮ್ಮ ಜಿಲ್ಲೆಗೆ ಅದರಿಂದ ಅಷ್ಟೇನೂ ಲಾಭವಿಲ್ಲ. ಹಿರಿಯೂರಿನ ಹೆದ್ದಾರಿ ಬದಿಯಲ್ಲಿ ಲಾರಿ ನಿಲ್ಲಿಸಿ ಮಲಗುವ ಚಾಲಕನಿಗೆ ಯಾವ ಕಚೇರಿ? ಕ್ಲೀನರಿಗೆ, ಡಿಪೋದ ಹಿರಿಯ ಕಂಡಕ್ಟರಿಗೆ, ಕಣದ ಮೇಸ್ತ್ರಿಗೆ ಕಲಿಸಬೇಕು, ಅದೂ ಕನ್ನಡದಲ್ಲಿ. ಮೊದಲ ಪಾಠ ಗುಟ್ಟು ಕಾಯುವುದು. ಒಬ್ಬಾಕೆಯ ಕಣ್ಣೀರು ಸಂಜೆಗೆ ಊರ ಕಟ್ಟೆಯ ಮಾತಾದರೆ ಎರಡನೆಯಾಕೆ ಬಾಯಿ ಬಿಡುವುದಿಲ್ಲ. ಇನ್ನು, ಹನ್ನೆರಡು ಗಂಟೆ ದುಡಿಸಿ, ಒಂದು ದಿನದ ತರಬೇತಿ ಕೊಡಿಸಿ, ಪಟ ತೆಗೆಸಿಕೊಂಡು ಕೈತೊಳೆಯುವ ಧಣಿಗಳಿಗಾಗಿ ನಾನು ಇದನ್ನು ಕೇಳುತ್ತಿಲ್ಲ. ಕೂಲಿ, ಬಿಡುವು, ನೆರಳು ಇವುಗಳ ಬದಲಿಗೆ ಅಲ್ಲ, ಇವುಗಳ ಜೊತೆಗೆ ಬೇಕು.

ನಮ್ಮ ಕಾಲೇಜಿನ ಯುವ ರೆಡ್ ಕ್ರಾಸ್ ಘಟಕದಲ್ಲಿ ಗಾಯಕ್ಕೆ ಕಟ್ಟು ಕಟ್ಟುವುದನ್ನು ಕಲಿತೆವು. ಅದರೊಡನೆ ಇದನ್ನೂ ಒಂದು ದಿನ ಕಲಿಸಬಾರದೇಕೆಂದು ಗುರುಗಳನ್ನು ವಿನಂತಿಸುತ್ತೇನೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಆ ಸಂಖ್ಯೆಯನ್ನು ಕಣದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿದ್ದೇನೆ. ಅಕ್ಕನನ್ನು ಈ ಕೊಯ್ಲಿಗೆ ಮರಳಿ ಕರೆಸಿ, ನನ್ನ ಪಕ್ಕದಲ್ಲೇ ಕೂರಿಸಿ ಎಂದು ಮೇಸ್ತ್ರಿಯನ್ನು ಕೇಳಿದ್ದೇನೆ. ಅವರಿನ್ನೂ ಹೂಂ ಅಂದಿಲ್ಲ.